ಹನ್ನೆರಡೂವರೆ ಅಡಿಯ ಲೆಕ್ಕ

2007ರ ಡಿಸೆಂಬರಿನಲ್ಲಿ ನಾನು ಕ್ಯಾಲಿಫೋರ್ನಿಯಾದಲ್ಲಿ, ಮಗನ ಮನೆಯಲ್ಲಿದ್ದೆ. ಮೂವತ್ತು ವರ್ಷ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಟ್ಟು ನಿವೃತ್ತನಾದವನಿಗೆ ಅಲ್ಲಿ ಪತ್ರಿಕೆ ಓದುವುದೇ ಕೆಲಸ. ಕ್ರಿಸ್‌ಮಸ್ ಸಂಜೆ ಸ್ಯಾನ್ ಫ್ರಾನ್ಸಿಸ್ಕೊ ಮೃಗಾಲಯದಲ್ಲಿ ತತಿಯಾನಾ ಎಂಬ ಸೈಬೀರಿಯಾದ ಹೆಣ್ಣು ಹುಲಿ ಆವರಣ ದಾಟಿ ಬಂದು ಹದಿನೇಳರ ಹುಡುಗನೊಬ್ಬನನ್ನು ಕೊಂದಿತು, ಜೊತೆಗಿದ್ದ ಇಬ್ಬರನ್ನು ಗಾಯಗೊಳಿಸಿತು. ಪೊಲೀಸರು ಹುಲಿಯನ್ನು ಗುಂಡಿಟ್ಟು ಕೊಂದರು.

ಹುಲಿಯ ಜಾಗಕ್ಕೂ ಜನ ನಿಲ್ಲುವ ಜಾಗಕ್ಕೂ ನಡುವೆ ಒಂದು ಕಂದಕ; ಜನರ ಕಡೆಯ ಅದರ ಗೋಡೆ 18 ಅಡಿ ಇದೆ ಎಂದು ಮೃಗಾಲಯ ಮೊದಲು ಹೇಳಿತು. ಊಹಾಪೋಹಗಳೆಲ್ಲ ಹುಟ್ಟಿದ್ದು ಆ ಅಂಕಿಯಿಂದಲೇ. "ಯಾರೋ ಬಾಗಿಲು ತೆರೆದಿಟ್ಟಿರಬೇಕು ಅಪ್ಪ" ಎಂದ ಮಗ. ನಾನು ನವೆಂಬರಿನ ಕ್ಯಾಲೆಂಡರ್ ಹಾಳೆಯನ್ನು ಮಗುಚಿ ಲೆಕ್ಕಕ್ಕೆ ಕುಳಿತೆ.

ಮೊದಲು ಮಾಡಿದ್ದು ತಪ್ಪು ಲೆಕ್ಕ. ಹುಲಿ ಕಂದಕವನ್ನು ಒಂದೇ ನೆಗೆತಕ್ಕೆ ದಾಟಿತೆಂದು ಭಾವಿಸಿ, ಎಸೆದ ಕಲ್ಲಿನ ಪಥದ ಸೂತ್ರ ಹಚ್ಚಿದೆ. 33 ಅಡಿ ಅಗಲ, 18 ಅಡಿ ಎತ್ತರಕ್ಕೆ ಬಂದ ಉತ್ತರ ಗಂಟೆಗೆ ಸುಮಾರು 46 ಕಿಲೋಮೀಟರ್ ವೇಗ. ಆ ವೇಗಕ್ಕೆ ಓಡಿ ಬರಲು ಜಾಗವೂ ಬೇಕಲ್ಲ! ಮಗನ ಮಾತೇ ಸರಿಯಿರಬೇಕು ಎನ್ನಿಸಿತು.

ಎರಡು ದಿನದಲ್ಲಿ ಮೃಗಾಲಯದವರು ಗೋಡೆಯನ್ನು ಅಳೆದು ಹೇಳಿದರು: ಹನ್ನೆರಡೂವರೆ ಅಡಿ. ಅಲ್ಲಿನ ಮೃಗಾಲಯಗಳ ಒಕ್ಕೂಟ ಶಿಫಾರಸು ಮಾಡುವ ಎತ್ತರ 16.4 ಅಡಿ. 1940ರಲ್ಲಿ ಕಟ್ಟಿದ ಆವರಣದ ಗೋಡೆ ಎಷ್ಟಿದೆ ಎಂದು ಅಷ್ಟು ದಿನ ಒಬ್ಬರೂ ಟೇಪು ಹಿಡಿದು ನೋಡಲಿಲ್ಲವೇ ಎಂದು ನನಗೆ ಸಿಟ್ಟು ಬಂತು.

ಕಂದಕದಲ್ಲಿ ನೀರಿರಲಿಲ್ಲ ಎಂಬುದೂ ತಿಳಿಯಿತು. ಹಾಗಾದರೆ ಹುಲಿ ತಳಕ್ಕೇ ಇಳಿದಿರಬಹುದಲ್ಲ? ಟೇಪು ತೆಗೆದುಕೊಂಡು ಹೊರಗೆ ಹೋಗಿ, ಅಪಾರ್ಟ್‌ಮೆಂಟಿನ ಗೋಡೆಯಲ್ಲಿ ಹನ್ನೆರಡೂವರೆ ಅಡಿಯನ್ನು ಗುರುತಿಸಿಕೊಂಡೆ. ಮಹಡಿಯ ಬಾಲ್ಕನಿಗಿಂತ ತುಸು ಮೇಲೆ. ಸೊಸೆ ಕಿಟಕಿಯಿಂದ ನೋಡುತ್ತಿದ್ದಳು. ಮಾವನವರಿಗೆ ಏನಾಯಿತೋ ಎಂದುಕೊಂಡಿರಬೇಕು. ಹಿಂಗಾಲಿನ ಮೇಲೆ ನಿಂತ ಹುಲಿಯ ಮುಂಗಾಲು ಎಂಟು ಅಡಿ ಮುಟ್ಟುತ್ತದೆ ಎಂದಿಟ್ಟುಕೊಂಡೆ. ಇದು ನನ್ನ ಅಂದಾಜು. ಉಳಿಯುವುದು ನಾಲ್ಕೂವರೆ ಅಡಿ. ಅಷ್ಟು ಮೇಲೇಳಲು ಸೆಕೆಂಡಿಗೆ 5.2 ಮೀಟರ್, ಎಂದರೆ ಗಂಟೆಗೆ 19 ಕಿಲೋಮೀಟರ್ ವೇಗ ಸಾಕು. ಗೋಡೆ 18 ಅಡಿಯಾಗಿದ್ದರೆ ಹತ್ತು ಅಡಿ ಉಳಿಯುತ್ತಿತ್ತು. ಐದೂವರೆ ಅಡಿಯ ವ್ಯತ್ಯಾಸ ಚಿಕ್ಕದೆನಿಸಬಹುದು, ಆದರೆ ನೆಗೆತಕ್ಕೆ ಬೇಕಾದ ಶಕ್ತಿ ಎರಡು ಪಟ್ಟಿಗೂ ಹೆಚ್ಚಾಗುತ್ತದೆ. ಬಾಗಿಲಿನ ಕಥೆಯನ್ನು ಅಲ್ಲಿಗೇ ಬಿಟ್ಟೆ.

ಮುಂದೆ ತನಿಖೆಯ ವಿವರಗಳು ಹೊರಬಂದಾಗ, ಹುಲಿಯ ಹಿಂಗಾಲಿನ ಉಗುರುಗಳಲ್ಲಿ ಕಾಂಕ್ರೀಟಿನ ಚೂರುಗಳಿದ್ದವೆಂದು ಓದಿದೆ. ಕಂದಕದ ತಳದಿಂದ ಹಾರಿ, ಮುಂಗಾಲಿನಿಂದ ಅಂಚನ್ನು ಹಿಡಿದು, ಹಿಂಗಾಲಿನಿಂದ ಗೋಡೆಯನ್ನು ಒದೆಯುತ್ತ ಏರಿದೆ. ಆ ಒದೆತವನ್ನು ನಾನು ಲೆಕ್ಕಕ್ಕೆ ಸೇರಿಸಿರಲೇ ಇಲ್ಲ. ಸೇರಿಸಿದರೆ 19 ಇನ್ನೂ ಇಳಿಯುತ್ತದೆ.

ಹುಡುಗರು ಕೆಣಕಿದರೇ ಎಂಬ ವಾದ ಬಹಳ ದಿನ ನಡೆಯಿತು. ಕಂಬಿಯ ಮೇಲೆ ಬೂಟಿನ ಗುರುತು ಸಿಕ್ಕಿತ್ತು, ಬದುಕುಳಿದವರು ಕೆಣಕಿಲ್ಲವೆಂದರು. "ಕೆಣಕಿದರೆ ವೇಗ ಎಷ್ಟು ಹೆಚ್ಚುತ್ತದೆ ಅಪ್ಪ?" ಎಂದು ಮಗ ತಮಾಷೆಗೆ ಕೇಳಿದ. ಹಾಗೇ ಮಲಗಿದ ಹುಲಿಗೂ ಹನ್ನೆರಡೂವರೆ ಅಡಿ ಹನ್ನೆರಡೂವರೆಯೇ ಎಂದೆ. ಹಾಳೆಯನ್ನು ಮಡಚಿ ಪೆಟ್ಟಿಗೆಯಲ್ಲಿಟ್ಟುಕೊಂಡು ಊರಿಗೆ ತಂದೆ.