ದಾರಿಯ ಅಂಚು ಎಲ್ಲಿದೆ?

ಮರುಭೂಮಿಯ ಉದ್ಯಾನದಲ್ಲಿ ಕಾಲುದಾರಿಗಳ ಮೇಲೆ ನಿಗಾ ಇಡುವ ಕೆಲಸ ಕೈಗೆ ಬಂದಾಗ ನನ್ನ ಲೆಕ್ಕ ಸರಳವಾಗಿತ್ತು: ಬರುವ ಜನರನ್ನು ಎಣಿಸುವುದು, ದಾರಿಯ ಅಗಲ ಅಳೆಯುವುದು, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವುದು. ಮೊದಲ ವರ್ಷ ಎರಡೂ ಕೈಕೊಟ್ಟವು.

ಎಣಿಕೆಗೆ ಇನ್‌ಫ್ರಾರೆಡ್ ಕೌಂಟರ್ ಕಟ್ಟಿದ್ದೆವು. ಮೈಶಾಖಕ್ಕೂ ಹಿಂದಿನ ನೆಲದ ಶಾಖಕ್ಕೂ ಇರುವ ವ್ಯತ್ಯಾಸದಿಂದ ಅದಕ್ಕೆ ಮನುಷ್ಯ ಕಾಣುತ್ತಾನೆ. ಬೇಸಿಗೆಯ ಮಧ್ಯಾಹ್ನ ಎದುರಿನ ಬಂಡೆಯೂ ನಮ್ಮ ಮೈಯಷ್ಟೇ ಬಿಸಿಯಾದಾಗ ಹಾದುಹೋದವರು ಅದರ ಪಾಲಿಗೆ ಇಲ್ಲವೇ ಇಲ್ಲ. ಆದರೆ ಬಿಸಿಲಿಗೆ ಕಾದ ಪೊದೆ ಗಾಳಿಗೆ ತೂಗಿದರೆ ಅದೂ ಒಬ್ಬ ಪ್ರವಾಸಿ! ದೂಳುಗಾಳಿ ಎದ್ದು ನರಪಿಳ್ಳೆಯೂ ಬಾರದ ದಿನ ನಮ್ಮ ಪುಸ್ತಕದಲ್ಲಿ ಜಾತ್ರೆ. ಕೊನೆಗೆ ಕೌಂಟರನ್ನು ನೆರಳಿನ ಬಂಡೆಯ ಕಡೆಗೆ ತಿರುಗಿಸಿ, ಬೇರೆ ಬೇರೆ ಹೊತ್ತಿನಲ್ಲಿ ನಾವೇ ಕೂತು ಎಣಿಸಿ, ಯಂತ್ರದ ಲೆಕ್ಕಕ್ಕೂ ನಮ್ಮ ಲೆಕ್ಕಕ್ಕೂ ತಾಳೆ ಹಾಕಿದೆವು. ಜೋಡಿಯಾಗಿ ನಡೆಯುವವರು ಅದಕ್ಕೆ ಒಬ್ಬರೇ ಎಂಬುದೂ ಆಗ ತಿಳಿಯಿತು.

ಅಗಲದ್ದು ಇನ್ನೂ ಫಜೀತಿ. ಒಂದೇ ಬೆಳಿಗ್ಗೆ, ಒಂದೇ ಜಾಗದಲ್ಲಿ ನಾನೂ ನನ್ನ ಸಹೋದ್ಯೋಗಿಯೂ ಅಳೆದರೆ ಎರಡು ಅಂಕಿ. ಹಸಿರು ನಾಡಿನಲ್ಲಾದರೆ ಹುಲ್ಲು ಅಂಚನ್ನು ತೋರಿಸುತ್ತದೆ. ಇಲ್ಲಿ ದಾರಿಯೂ ಬರಿ ನೆಲ, ಪಕ್ಕವೂ ಬರಿ ನೆಲ. ಒಂದು ವರ್ಷದಲ್ಲಿ ದಾರಿ ಹಿಗ್ಗುವುದಕ್ಕಿಂತ ನಮ್ಮಿಬ್ಬರ ನಡುವಿನ ವ್ಯತ್ಯಾಸವೇ ದೊಡ್ಡದಾದರೆ ಅಳೆದು ಏನು ಬಂತು? ಅಲುಗದ ಸಣ್ಣಕಲ್ಲು, ಮಣ್ಣಿನ ಮೇಲ್ಪದರದ ಒಡೆಯದ ಹಕ್ಕಳೆ ಎಲ್ಲಿ ಶುರುವಾಗುತ್ತದೋ ಅದೇ ಅಂಚು ಎಂದು ಬರೆದಿಟ್ಟು, ಫೋಟೋ ಸೇರಿಸಿದೆವು. ಈಗ ಪ್ರತಿ ಸಲವೂ ಅಳತೆಗೆ ಮುಂಚೆ ಒಂದು ದಿನ ಅಭ್ಯಾಸಕ್ಕೇ ಮೀಸಲು.

ದಾರಿ ಎಷ್ಟು ಆಳಕ್ಕೆ ಸವೆದಿದೆ ಎಂದು ನೋಡಲು ಎರಡು ಬದಿಗೆ ಗೂಟ ಹುಗಿದು, ಟೇಪು ಬಿಗಿದು, 10 ಸೆಂಟಿಮೀಟರಿಗೊಮ್ಮೆ ಕೆಳಗಿನ ನೆಲದವರೆಗೆ ಅಳೆಯುತ್ತೇವೆ. ಮರಳಿನಲ್ಲಿ ಗಾಳಿಯೇ ತೋಡುತ್ತದೆ, ಗಾಳಿಯೇ ತುಂಬುತ್ತದೆ. ಅದಕ್ಕೇ ಜನ ತುಳಿಯದ ಜಾಗದಲ್ಲೂ ಅಂಥದ್ದೇ ಒಂದು ಗೆರೆ ಇಟ್ಟಿದ್ದೇವೆ. ಅಲ್ಲೂ ಅಷ್ಟೇ ಇಳಿದಿದ್ದರೆ ಪ್ರವಾಸಿಗಳನ್ನು ದೂರುವಂತಿಲ್ಲ.

ಇಷ್ಟೆಲ್ಲ ಮಾಡಿದರೂ ನಿಜವಾದ ನಷ್ಟ ದಾರಿಯ ಮೇಲೆ ಇರಲೇ ಇಲ್ಲ. ಮರುಭೂಮಿಯ ಮಣ್ಣಿನ ಮೇಲೆ ಕಪ್ಪಾದ, ಗಂಟುಗಂಟಾದ ಹಕ್ಕಳೆ ಇರುತ್ತದೆ. ಸಯನೋಬ್ಯಾಕ್ಟೀರಿಯಾ ಎಂಬ ಸೂಕ್ಷ್ಮಜೀವಿಗಳ ಎಳೆಗಳು ಮರಳಿನ ಕಣಗಳನ್ನು ಹೊಲಿದಂತೆ ಹಿಡಿದಿರುತ್ತವೆ. ಜೊತೆಗೆ ಕಲ್ಲುಹೂವು, ಹಾವಸೆ. ಮಣ್ಣು ಗಾಳಿಗೆ ಹಾರದಂತೆ ಕಾಯುವುದು ಇದೇ. ಒಣಗಿದಾಗ ಒಂದು ಹೆಜ್ಜೆಗೇ ಪುಡಿ. ಎಳೆಗಳು ಕೆಲವು ವರ್ಷಗಳಲ್ಲಿ ಮರಳಬಹುದು, ಕಲ್ಲುಹೂವಿಗೆ ದಶಕಗಳೇ ಬೇಕಾದೀತು. ಸವೆದ ದಾರಿಯಲ್ಲಿ ಇನ್ನೂ ಸಾವಿರ ಜನ ನಡೆದರೆ ಆಗುವ ಹಾನಿ ಅಷ್ಟಕ್ಕಷ್ಟೇ. ತುಳಿಯದ ನೆಲದಲ್ಲಿ ಮೊದಲ ಹತ್ತು ಜನರೇ ಹೆಚ್ಚಿನದನ್ನು ಮುಗಿಸಿಬಿಡುತ್ತಾರೆ.

ಹಾಗಾಗಿ ಈಗ ನನ್ನ ಹೆಚ್ಚಿನ ಸಮಯ ಹೋಗುವುದು ಅಡ್ಡದಾರಿಗಳಿಗೆ. ಜಿಪಿಎಸ್ ಹಿಡಿದು ನಡೆಯುತ್ತಾ, ಜನ ದಾರಿ ಬಿಟ್ಟು ಇಳಿದ ಜಾಗಗಳನ್ನೆಲ್ಲ ಗುರುತಿಸುತ್ತೇನೆ: ಬರೀ ಹೆಜ್ಜೆ ಗುರುತೋ, ಹಕ್ಕಳೆ ಒಡೆದಿದೆಯೋ, ಪೂರ್ತಿ ದಾರಿಯೇ ಆಗಿದೆಯೋ. ಪಕ್ಕದಲ್ಲಿ ಏಕೆ ಇಳಿದರು ಎಂಬ ಕಾಲಂ. ಫೋಟೋ, ಮೂತ್ರ, ಒಣಹಳ್ಳವನ್ನೇ ದಾರಿ ಅಂದುಕೊಂಡದ್ದು. ಅಂದಾಜಿನ ಕಾಲಂ ಅದು, ಆದರೂ ಇಡೀ ಹಾಳೆಯಲ್ಲಿ ಹೆಚ್ಚು ಕೆಲಸಕ್ಕೆ ಬಂದದ್ದು ಅದೇ. (ಅಳೆಯಲು ಹೋಗುವ ನಾವೂ ಹಕ್ಕಳೆ ತುಳಿಯುತ್ತೇವಲ್ಲ ಎಂದು ಸಹೋದ್ಯೋಗಿ ಕೇಳಿದ ಮೇಲೆ ಬಂಡೆ, ಒಣಹಳ್ಳಗಳ ಮೇಲೆ ಮಾತ್ರ ಓಡಾಟ, ಆಗದ ಕಡೆ ದೂರದಿಂದಲೇ ಫೋಟೋ.)

ನೂಕುನುಗ್ಗಲು ಬೇರೆಯೇ ವಿಷಯ. ಅಮೆರಿಕದ ಯೂಟಾ ರಾಜ್ಯದ ಆರ್ಚಸ್ ರಾಷ್ಟ್ರೀಯ ಉದ್ಯಾನದಲ್ಲಿ 1990ರ ದಶಕದಲ್ಲಿ, ಒಂದೇ ತಾಣದಲ್ಲಿ ಬೇರೆ ಬೇರೆ ಸಂಖ್ಯೆಯ ಜನರಿರುವ ಫೋಟೋಗಳನ್ನು ತೋರಿಸಿ, ಎಷ್ಟಾದರೆ ಸಹಿಸಬಹುದು ಎಂದು ಪ್ರವಾಸಿಗಳನ್ನೇ ಕೇಳಿದ್ದರು. ಆ ಫೋಟೋ ಉಪಾಯ ಚೆನ್ನಾಗಿದೆ. ಆದರೆ ಮಣ್ಣಿನ ಸಹನೆ ಕೇಳಲು ಅದು ಸಾಲದು.

ನಮ್ಮ ಉದ್ಯಾನದ ಒಂದು ತಿರುವಿನಲ್ಲಿ, ದಾರಿ ತೋರಿಸಲು ಪೇರಿಸಿದ ಮುಂದಿನ ಕಲ್ಲುಗುಪ್ಪೆ ಕಾಣದೆ ಜನ ಅತ್ತಿತ್ತ ಚದುರುತ್ತಿದ್ದರು. ಗುಪ್ಪೆ ಎತ್ತರಿಸಿ, ಅಡ್ಡದಾರಿಯ ಬಾಯಿಗೆ ಒಣಕೊಂಬೆ ಎಳೆದೆವು. ಮುಂದಿನ ಸಲ ಅಲ್ಲಿ ಹೆಜ್ಜೆ ಗುರುತು ಕಡಿಮೆಯಾಗಿದ್ದವು. ಇಪ್ಪತ್ತು ಹೆಜ್ಜೆ ಮುಂದೆ ಮಾತ್ರ ಹೊಸದೊಂದು ಅಡ್ಡದಾರಿ, ಒಂಟಿ ಮರದ ಬುಡಕ್ಕೆ. ಕಾರಣದ ಕಾಲಂನಲ್ಲಿ 'ನೆರಳು' ಎಂದು ಬರೆದುಕೊಂಡೆ. ಅದಕ್ಕೆ ಕೊಂಬೆ ಅಡ್ಡ ಇಡಲು ಮನಸ್ಸು ಬಂದಿಲ್ಲ.