ಲಿನಕ್ಸ್ ಹಾಕೋಕೆ ಲ್ಯಾಪ್‌ಟಾಪ್ ತಗೊಂಡಾಗ ನಾನು ಏನೇನ್ ನೋಡ್ದೆ

ಲ್ಯಾಪ್‌ಟಾಪ್ ಅಂದ ತಕ್ಷಣ ಎಲ್ರೂ ಕೇಳೋದು ಯಾವ ಕಂಪನಿ, ಎಷ್ಟು ರ್‍ಯಾಮ್ ಅಂತ. ವಿಂಡೋಸ್ ಬದಲು ಲಿನಕ್ಸ್ ಅನ್ನೋ ಆಪರೇಟಿಂಗ್ ಸಿಸ್ಟಮ್ ಹಾಕೋರು ಮೊದಲು ಕೇಳ್ಬೇಕಾದ್ದು ಒಳಗಿರೋ ವೈಫೈ ಕಾರ್ಡ್ ಯಾವ್ದು ಅಂತ, ಯಾಕಂದ್ರೆ ಒಂದೇ ಮಾಡೆಲ್ ಹೆಸರಿದ್ರೂ ಒಂದರಲ್ಲಿ ಒಂದು ಚಿಪ್ ಇನ್ನೊಂದರಲ್ಲಿ ಬೇರೆ ಚಿಪ್ ಇರುತ್ತೆ, ಬಾಕ್ಸ್ ಮೇಲೆ ಅದನ್ನ ಬರೆದಿರೋದೇ ಇಲ್ಲ. ಇಂಟೆಲ್ ವೈಫೈ ಆದ್ರೆ ಅದನ್ನ ನಡೆಸೋ ಡ್ರೈವರ್ ಲಿನಕ್ಸಿನ ತಿರುಳಾದ ಕರ್ನಲ್ ಒಳಗೇ ಇದೆ, ಚಿಪ್ ಒಳಗೆ ಓಡೋ ಫರ್ಮ್‌ವೇರ್ ಕೂಡ ಉಬುಂಟು ಅನ್ನೋ ಲಿನಕ್ಸ್ ಜೊತೆಗೇ ಬರುತ್ತೆ, 2023ರಲ್ಲಿ ಬಂದ ಡೆಬಿಯನ್ 12ರಿಂದ (ಇದೂ ಒಂದು ಬಗೆಯ ಲಿನಕ್ಸ್) ಡೆಬಿಯನ್ ಇನ್‌ಸ್ಟಾಲರಲ್ಲೂ ಸೇರಿಸಿದಾರೆ.

ನಾನು ಬೆಂಗಳೂರಿನ ಕಂಪ್ಯೂಟರ್ ಮಾರ್ಕೆಟ್ ಎಸ್‌ಪಿ ರೋಡಲ್ಲಿ ರಿಫರ್ಬಿಶ್ಡ್, ಅಂದ್ರೆ ಹಳೇದನ್ನ ಸರಿ ಮಾಡಿ ಮಾರೋ, ಲೆನೊವೊ ಥಿಂಕ್‌ಪ್ಯಾಡ್ ಟಿ480 ತಗೊಂಡೆ. 2018ರ ಮಾಡೆಲ್, ಎರಡು ರ್‍ಯಾಮ್ ಸ್ಲಾಟ್ ಇದೆ, ಹಿಂಭಾಗದ ಬ್ಯಾಟರಿ ಕೈಯಲ್ಲೇ ಬಿಚ್ಚಬಹುದು. ಇದೇ ಮಾಡೆಲ್ ಎನ್ವಿಡಿಯಾ ಗ್ರಾಫಿಕ್ಸ್ ಜೊತೇಲೂ ಬರುತ್ತೆ, ನನಗೆ ಗೇಮ್ಸ್ ಬೇಡ, ಹಾಗಾಗಿ ಬರೀ ಇಂಟೆಲ್ ಗ್ರಾಫಿಕ್ಸ್ ಇರೋದನ್ನೇ ಕೇಳಿದೆ.

ಅಂಗಡಿಯವರು "ಸರ್ ವಿಂಡೋಸ್ ಹಾಕೇ ಕೊಡ್ತೀವಿ" ಅಂದ್ರು. "ಬೇಡಣ್ಣ, ಒಂದ್ಸಲ ಪೆನ್‌ಡ್ರೈವಲ್ಲಿರೋ ಲಿನಕ್ಸ್ ಬೂಟ್ ಮಾಡಿ ನೋಡ್ಕೋತೀನಿ" ಅಂದೆ, ಒಪ್ಕೊಂಡ್ರು. ಇದಕ್ಕೆ ಒಪ್ಪದ ಅಂಗಡೀಲಿ ದುಡ್ಡು ಕೊಡ್ಬೇಡಿ, ಇದು ನನ್ನ ಖಡಾಖಂಡಿತ ಅಭಿಪ್ರಾಯ.

ಮೊದಲು ಮಷೀನ್ ಆನ್ ಆಗ್ತಿದ್ದಂಗೆ ಎಫ್1 ಒತ್ತಿ ಬಯಾಸ್‌ಗೆ, ಅಂದ್ರೆ ಮಷೀನಿನ ಮೂಲ ಸೆಟ್ಟಿಂಗ್ ಇರೋ ಜಾಗಕ್ಕೆ ಹೋದೆ. ಕಂಪನಿಗಳಿಂದ ಬಂದ ಹಳೇ ಮಷೀನ್‌ಗಳಲ್ಲಿ ಬಯಾಸ್‌ಗೆ ಬೀಗ ಹಾಕೋ ಸೂಪರ್‌ವೈಸರ್ ಪಾಸ್‌ವರ್ಡ್ ಉಳಿದಿದ್ರೆ ಮುಂದೆ ಸೆಕ್ಯೂರ್ ಬೂಟ್ (ನಂಬಿಕೆಯ ಸಹಿ ಇಲ್ಲದ ಸಿಸ್ಟಮ್ ಬೂಟ್ ಆಗದಂಗೆ ತಡೆಯೋದು) ಥರದ ಸೆಟ್ಟಿಂಗ್ ನಾವು ಮುಟ್ಟೋಕಾಗಲ್ಲ, ಬಯಾಸ್ ಪಾಸ್‌ವರ್ಡನ್ನ ಸಾಫ್ಟ್‌ವೇರ್ ರಿಪೇರಿ ಥರ ಸುಲಭವಾಗಿ ತೆಗೆಯೋಕೂ ಆಗಲ್ಲ, ಅದಕ್ಕೇ ಇದು ಮೊದಲು. ಆಮೇಲೆ ಎಫ್12 ಒತ್ತಿ ಪೆನ್‌ಡ್ರೈವಿಂದ ಉಬುಂಟು 24.04 ಲೈವ್ (ಇನ್‌ಸ್ಟಾಲ್ ಮಾಡದೇ ಓಡಿಸೋದು) ಓಪನ್ ಮಾಡಿ, ಫೋನಿನ ಹಾಟ್‌ಸ್ಪಾಟ್‌ಗೆ ವೈಫೈ ಕನೆಕ್ಟ್ ಮಾಡಿ ಒಂದು ವಿಡಿಯೋ ಹಾಕಿದೆ, ಸೌಂಡು ವೈಫೈ ಎರಡೂ ಒಟ್ಟಿಗೇ ಗೊತ್ತಾಯ್ತು. ಕ್ಯಾಮೆರಾ, ಮೈಕು, ಬ್ಲೂಟೂತ್, ಬ್ರೈಟ್‌ನೆಸ್ ಕೀ ಎಲ್ಲಾ ನೋಡ್ದೆ. ಟರ್ಮಿನಲಲ್ಲಿ ಎಲ್‌ಎಸ್‌ಪಿಸಿಐ ಕಮಾಂಡ್ ಕೊಟ್ಟು ಕೆ ಆಪ್ಷನ್ ಹಾಕಿದ್ರೆ (lspci -k) ಯಾವ ಚಿಪ್‌ಗೆ ಯಾವ ಡ್ರೈವರ್ ಕೂತಿದೆ ಅಂತ ತೋರ್ಸುತ್ತೆ, ಫೋಟೋ ತೆಗೆದಿಟ್ಕೊಳ್ಳಿ.

ಜನ ಬಿಡೋದು ಸ್ಲೀಪ್ ಟೆಸ್ಟ್. ಮುಚ್ಚಳ ಮುಚ್ಚಿ ಸ್ವಲ್ಪ ಹೊತ್ತು ಬಿಟ್ಟು ತೆಗೀರಿ, ಸ್ಕ್ರೀನ್ ಬರುತ್ತಾ, ವೈಫೈ ಮತ್ತೆ ಹತ್ತುತ್ತಾ ನೋಡಿ. ಹೊಸ ಮಾಡೆಲ್‌ಗಳಲ್ಲಿ ಹಳೇ ಎಸ್3 ಸ್ಲೀಪ್ (ಮೆಮೊರಿ ಬಿಟ್ಟು ಹೆಚ್ಚುಕಮ್ಮಿ ಎಲ್ಲಾ ಆಫ್ ಆಗೋದು) ಎಷ್ಟೋ ಕಡೆ ತೆಗೆದುಬಿಟ್ಟಿದಾರೆ, ಅಂಥದ್ರಲ್ಲಿ ಬ್ಯಾಗಲ್ಲಿಟ್ಟಾಗಲೇ ಬ್ಯಾಟರಿ ಇಳಿಯೋದುಂಟು. ಫಿಂಗರ್‌ಪ್ರಿಂಟ್ ನಾನು ಲೆಕ್ಕಕ್ಕೇ ಇಟ್ಕೊಳ್ಳಲಿಲ್ಲ, ಪಾಸ್‌ವರ್ಡ್ ಸಾಕು.

ಹೊಸ ಲ್ಯಾಪ್‌ಟಾಪೇ ಬೇಕು ಅನ್ನೋರು ಉಬುಂಟು ಸರಿಯಾಗಿ ಓಡುತ್ತೆ ಅಂತ ಪರೀಕ್ಷೆ ಮಾಡಿರೋ ಮಷೀನ್‌ಗಳ ಉಬುಂಟು ಸರ್ಟಿಫೈಡ್ ಪಟ್ಟೀಲಿ ಪೂರ್ತಿ ಮಾಡೆಲ್ ನಂಬರ್ ಹುಡುಕಿ. ಇನ್‌ಸ್ಟಾಲರ್‌ಗೆ ಎಸ್‌ಎಸ್‌ಡಿ ಕಾಣದೇ ಹೋದ್ರೆ ಗಾಬರಿ ಬೇಡ, ಬಯಾಸಲ್ಲಿ ಡಿಸ್ಕನ್ನ ಇಂಟೆಲ್ ತನ್ನದೇ ರೀತೀಲಿ ನಡೆಸೋ ಆರ್‌ಎಸ್‌ಟಿ ಮೋಡ್ ಆನ್ ಇರಬಹುದು, ಅದನ್ನ ಎಎಚ್‌ಸಿಐ ಅನ್ನೋ ಸಾಮಾನ್ಯ ಮೋಡ್‌ಗೆ ಬದಲಾಯಿಸಿ, ಆದ್ರೆ ವಿಂಡೋಸ್ ಜೊತೇಲಿ ಉಳಿಸ್ಕೋಬೇಕು ಅಂದ್ರೆ ಹಾಗೇ ಬದಲಾಯಿಸಿದ್ರೆ ವಿಂಡೋಸ್ ಬೂಟ್ ಆಗದೇ ಹೋಗಬಹುದು, ಮೊದಲು ಬ್ಯಾಕಪ್ ತಗೊಳ್ಳಿ.