ನ್ಯೂಜಿಲೆಂಡ್‌ಗೆ ಹೊಸದಾಗಿ ಬಂದವರಿಗೆ: ಜಪಾನ್‌ನಿಂದ ಬಂದ ಹಳೇ ಕಾರು ಕೊಳ್ಳುವ ಮುನ್ನ

ಆಕ್ಲೆಂಡ್, ಹ್ಯಾಮಿಲ್ಟನ್, ವೆಲ್ಲಿಂಗ್ಟನ್, ಯಾವ ಊರಿಗೇ ಬರಲಿ, ಮನೆ ಸಿಕ್ಕ ಮೇಲೆ ನಮ್ಮವರು ಕೇಳುವ ಮೊದಲ ಪ್ರಶ್ನೆ ಕಾರಿನದು. "ಎಷ್ಟು ಕಿಲೋಮೀಟರ್ ಓಡಿದೆ?" ಅಂತ ಕೇಳಿಕೊಂಡು ಕಾರು ಮಾರುವ ಯಾರ್ಡ್‌ನಿಂದ ಯಾರ್ಡ್‌ಗೆ ಅಲೆಯುತ್ತಾರೆ. ನಾನು ಎಲ್ಲರಿಗೂ ಹೇಳುವುದು ಒಂದೇ: ಕಿಲೋಮೀಟರ್ ಕೊನೆಗೆ ನೋಡಿ. ಆ ಕಾರು ಜಪಾನ್‌ನಲ್ಲಿ ಹೇಗಿತ್ತು, ಇಲ್ಲಿ ನೀವು ಓಡಿಸುವ ರಸ್ತೆ ಎಂಥದ್ದು, ಇವೆರಡನ್ನು ಮೊದಲು ನೋಡಿ.

ಇಲ್ಲಿ ಜಪಾನ್ ಕಾರುಗಳೇ ಯಾಕಿಷ್ಟು ಅಂತ ಅನಿಸಬಹುದು. ಜಪಾನ್‌ನಲ್ಲೂ ನಮ್ಮೂರಿನ ಹಾಗೆ ಎಡಗಡೆ ಓಡಿಸುತ್ತಾರೆ, ಸ್ಟಿಯರಿಂಗ್ ಬಲಗಡೆ. 1980ರ ದಶಕದ ಕೊನೆಯಲ್ಲಿ ನ್ಯೂಜಿಲೆಂಡ್ ಆಮದು ನಿರ್ಬಂಧ ಸಡಿಲಿಸಿತು. 1998ರಲ್ಲಿ ಕಾರಿನ ಆಮದು ಸುಂಕವೂ ಹೋಯಿತು, ಇಲ್ಲಿ ಕಾರು ಜೋಡಿಸುತ್ತಿದ್ದ ಕಾರ್ಖಾನೆಗಳೂ ಮುಚ್ಚಿದವು. ಇನ್ನೊಂದು ಕಾರಣ ಜಪಾನ್‌ನ 'ಶಾಕೆನ್' ತಪಾಸಣೆ. ಹೊಸ ಕಾರಿಗೆ 3 ವರ್ಷಕ್ಕೆ, ಆಮೇಲೆ 2 ವರ್ಷಕ್ಕೊಮ್ಮೆ ಅದನ್ನು ಮಾಡಿಸಲೇಬೇಕು, ಖರ್ಚು ಜಾಸ್ತಿ. ಅದಕ್ಕೇ ಅಲ್ಲಿ ಜನ ಇನ್ನೂ ಚೆನ್ನಾಗಿರುವ ಕಾರನ್ನೇ ಹರಾಜಿಗೆ ಬಿಡುತ್ತಾರೆ. ನಮಗೆ ಸಿಗುವುದು ಆ ಕಾರುಗಳು.

ನೀವೇ ಜಪಾನ್‌ನಿಂದ ತರಿಸಿದರೆ ಅಗ್ಗವಾಗುತ್ತದೆ ಅಂತ ಯಾರಾದರೂ ಹೇಳಿದರೆ, ಬಂದ ಹೊಸತರಲ್ಲಿ ಆ ಕೆಲಸಕ್ಕೆ ಕೈ ಹಾಕಬೇಡಿ. ಹರಾಜಿನ ಬೆಲೆ ಬರೀ ಆರಂಭ. ಹಡಗಿನ ಬಾಡಿಗೆ, 15% ಜಿಎಸ್‌ಟಿ, ಹುಳುಹುಪ್ಪಟೆ ತಪಾಸಣೆ, ಇಲ್ಲಿನ ರಸ್ತೆಗೆ ಇಳಿಸುವ ಮುಂಚಿನ ಸರ್ಟಿಫಿಕೇಷನ್, ರಿಜಿಸ್ಟ್ರೇಷನ್, ಎಲ್ಲ ಸೇರುತ್ತವೆ. 2018ರಲ್ಲಿ ಒಂದು ಜಾತಿಯ ತಿಗಣೆ ಸಿಕ್ಕಿದ್ದಕ್ಕೆ ಕಾರು ತುಂಬಿದ ಹಡಗುಗಳನ್ನೇ ಇಲ್ಲಿಂದ ವಾಪಸ್ ಕಳಿಸಿದ್ದರು. ಎಲೆಕ್ಟ್ರಾನಿಕ್ ಸ್ಟೆಬಿಲಿಟಿ ಕಂಟ್ರೋಲ್ (ಕಾರು ಜಾರದಂತೆ ಹಿಡಿತದಲ್ಲಿಡುವ ವ್ಯವಸ್ಥೆ) ಇಲ್ಲದ ಮಾಮೂಲಿ ಕಾರನ್ನು 2020ರ ಮಾರ್ಚ್‌ನಿಂದ ರಿಜಿಸ್ಟರ್ ಮಾಡುವುದಿಲ್ಲ. ಆಗಲೇ ಇಲ್ಲಿಗೆ ಬಂದು ಪಾಸಾಗಿರುವ ಕಾರು ಕೊಳ್ಳುವುದೇ ವಾಸಿ.

ಯಾರ್ಡ್‌ನವರ ಹತ್ತಿರ ಮೊದಲು ಕೇಳಬೇಕಾದದ್ದು ಜಪಾನ್‌ನ ಆಕ್ಷನ್ ಶೀಟ್, ಅಂದರೆ ಹರಾಜಿನಲ್ಲಿ ಕಾರಿನ ಸ್ಥಿತಿ ಬರೆದ ಹಾಳೆ. ಕೇಳಲು ಸಂಕೋಚ ಬೇಡ. ಒಂದೇ ಹಾಳೆ, ಮೂಲೆಯಲ್ಲಿ ಒಂದು ಗ್ರೇಡ್, ಕೆಳಗೆ ಕಾರಿನ ಚಿತ್ರ, ಅದರ ಮೇಲೆ ಸಣ್ಣ ಸಣ್ಣ ಗುರುತು. 4 ಅಥವಾ 4.5 ಇದ್ದರೆ ಒಳ್ಳೆಯದು. 3.5 ಇದ್ದರೂ ಬಿಡಬೇಡಿ, ಬರೀ ಗೀರುಗಳಿಂದ ಗ್ರೇಡ್ ಇಳಿದಿರಬಹುದು. ಆರ್ ಅಥವಾ ಆರ್‌ಎ ಅಂತಿದ್ದರೆ ಅಪಘಾತವಾಗಿ ರಿಪೇರಿಯಾದ ಕಾರು. ಚಿತ್ರದ ಮೇಲೆ ಎ ಅಂದರೆ ಗೀರು, ಯು ಅಂದರೆ ತಗ್ಗು, ಡಬ್ಲ್ಯೂ ಅಂದರೆ ರಿಪೇರಿ ಮಾಡಿದ ಗುರುತು, ಎರಡು ಎಕ್ಸ್ ಇದ್ದರೆ ಆ ಭಾಗವನ್ನೇ ಬದಲಿಸಿದ್ದಾರೆ. ಪಕ್ಕದ ಅಂಕಿ 1 ಇದ್ದರೆ ಚಿಕ್ಕದು, 3 ಇದ್ದರೆ ದೊಡ್ಡದು. ಎ1, ಯು1 ಎಷ್ಟಿದ್ದರೂ ತಲೆ ಕೆಡಿಸಿಕೊಳ್ಳಬೇಡಿ. ಎಸ್ ಮತ್ತು ಸಿ ಅಕ್ಷರ ಕಂಡರೆ ಮಾತ್ರ ನಿಲ್ಲಿ. ಅವು ತುಕ್ಕಿನ ಗುರುತು.

ತುಕ್ಕಿನ ಬಗ್ಗೆ ನನಗೆ ಯಾವಾಗಲೂ ಭಯ. ಹೊಕ್ಕೈಡೊ ಮತ್ತು ಉತ್ತರ ಜಪಾನ್‌ನಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಎರಚುತ್ತಾರೆ. ಆ ಉಪ್ಪು ಕಾರಿನ ಹೊಟ್ಟೆಗೆ ಹತ್ತಿ ಒಳಗೊಳಗೇ ತಿನ್ನುತ್ತದೆ. ಇಲ್ಲೂ ಸುತ್ತ ಸಮುದ್ರ. ಮನೆ ಕಡಲ ಪಕ್ಕ ಇದ್ದರೆ ದಿನವಿಡೀ ಉಪ್ಪು ಗಾಳಿ. ಮೇಲೆ ಕನ್ನಡಿಯಂತೆ ಹೊಳೆಯುವ ಕಾರಿನ ಕೆಳಗೆ ಬ್ರೇಕ್ ಪೈಪು, ಸಸ್ಪೆನ್ಷನ್ ಕೂಡುವ ಜಾಗ ಕೆಂಪಾಗಿರಬಹುದು. ಅದು ನಿಂತು ನೋಡಿದರೆ ಕಾಣುವುದಿಲ್ಲ, ಕಾರನ್ನು ಎತ್ತಿಸಿಯೇ ನೋಡಬೇಕು.

ಕಿಲೋಮೀಟರ್ ಕಡಿಮೆ ಇದ್ದದ್ದೆಲ್ಲ ಒಳ್ಳೆಯ ಕಾರಲ್ಲ. ಟೋಕಿಯೋದಂಥ ಊರಿನ ಸಿಗ್ನಲ್ಲುಗಳಲ್ಲಿ ನಿಂತು ನಿಂತು 50,000 ಓಡಿದ ಕಾರಿಗಿಂತ, ಹೊತ್ತಿಗೆ ಸರಿಯಾಗಿ ಎಣ್ಣೆ ಬದಲಿಸಿಕೊಂಡು ಹೈವೇಯಲ್ಲಿ 1,00,000 ಓಡಿದ ಕಾರಿನ ಎಂಜಿನ್ ಚೆನ್ನಾಗಿರಬಹುದು. ಜಪಾನ್‌ನ ಸರ್ವಿಸ್ ಪುಸ್ತಕ ಡ್ಯಾಶ್‌ಬೋರ್ಡ್ ಪೆಟ್ಟಿಗೆಯಲ್ಲಿ ಇದ್ದರೆ ಭಾಷೆ ಬರದಿದ್ದರೂ ಫೋನಿನಲ್ಲಿ ಓದಿಸಿ. ಕಾರು ಕೊಂಡ ಮೇಲೆ ಎಂಜಿನ್ ಆಯಿಲ್, ಸಿವಿಟಿ (ಒಂದು ಬಗೆಯ ಆಟೊಮ್ಯಾಟಿಕ್ ಗೇರ್‌ಬಾಕ್ಸ್) ಇದ್ದರೆ ಅದರ ಆಯಿಲ್, ಎರಡನ್ನೂ ಬದಲಿಸಿ ಲೆಕ್ಕ ಹೊಸದಾಗಿ ಶುರು ಮಾಡಿ.

ಇನ್ನು ರಸ್ತೆ. ಊರೊಳಗೇ ಓಡಾಟವಾದರೆ ಟೊಯೊಟಾ ಆಕ್ವಾ, ಮಾಜ್ದಾ ಡೆಮಿಯೊ ಸಾಕು. ಆಕ್ವಾ ನೋಡುವಾಗ ಹಿಂದಿನ ಸೀಟಿನ ಪಕ್ಕದ ಗಾಳಿಕಿಂಡಿ ನೋಡಿ. ಹೈಬ್ರಿಡ್ ಬ್ಯಾಟರಿ ಉಸಿರಾಡುವುದು ಅಲ್ಲಿಂದಲೇ. ಧೂಳು ಕಟ್ಟಿದ್ದರೆ ಬ್ಯಾಟರಿ ಬಿಸಿಯಾಗಿ ಬೇಗ ಸೋಲುತ್ತದೆ. ವೆಲ್ಲಿಂಗ್ಟನ್‌ನ ಏರುಗಳಲ್ಲಿ ಮನೆ ಇದ್ದರೆ, ದಿನಾ ರೆಮುಟಾಕ ಗುಡ್ಡದ ದಾರಿ ಹತ್ತಿ ಇಳಿಯುವವರಾದರೆ, ಟೆಸ್ಟ್ ಡ್ರೈವನ್ನು ಏರಿನಲ್ಲೇ ಮಾಡಿ. ಹೈಬ್ರಿಡ್‌ನಲ್ಲಿ ಗೇರಿನ ಬಳಿ 'ಬಿ' ಅಂತ ಒಂದಿದೆ, ಉದ್ದ ಇಳಿಜಾರಿನಲ್ಲಿ ಅದಕ್ಕೆ ಹಾಕಿದರೆ ಬ್ರೇಕ್ ಅತಿಯಾಗಿ ಬಿಸಿಯಾಗುವುದಿಲ್ಲ. 2013ರಿಂದ ಬಂದ ಹೋಂಡಾ ಫಿಟ್ ಹೈಬ್ರಿಡ್‌ನಲ್ಲಿ ಎರಡು ಕ್ಲಚ್ಚಿನ ಗೇರ್‌ಬಾಕ್ಸ್ ಇದೆ. ಆ ಮಾಡೆಲನ್ನು ಜಪಾನ್‌ನಲ್ಲಿ ಹಲವು ಸಲ ರೀಕಾಲ್ ಮಾಡಿದ್ದರು, ಅಂದರೆ ದೋಷ ಸರಿಪಡಿಸಲು ಕಂಪನಿಯೇ ವಾಪಸ್ ಕರೆಸಿತ್ತು. ಆ ಕೆಲಸ ಆಗಿದೆಯೇ ಅಂತ ಖಚಿತ ಮಾಡಿಕೊಂಡು ಕೊಳ್ಳಿ. ಊರಿಂದ ಅಪ್ಪ ಅಮ್ಮ ಬರುತ್ತಾರೆ ಅಂದರೆ ಏಳು ಸೀಟಿನ ಪ್ರಿಯಸ್ ಆಲ್ಫಾ, ವಿಶ್ ನೋಡಿ. ಆದರೆ ಮೂರನೇ ಸಾಲಿನಲ್ಲಿ ಹಿರಿಯರನ್ನು ಕೂರಿಸಿ ದೂರ ಹೋಗಲು ಆಗುವುದಿಲ್ಲ.

ನಿಸಾನ್ ಲೀಫ್ ತುಂಬ ಜನ ಕೊಳ್ಳುತ್ತಾರೆ. ಆಕ್ಲೆಂಡ್ ಒಳಗೆ ಕೆಲಸಕ್ಕೆ ಹೋಗಿ ಬರಲು ಒಳ್ಳೆಯದೇ. ಅದರ ಬ್ಯಾಟರಿಗೆ ತಂಪು ಮಾಡುವ ವ್ಯವಸ್ಥೆ ಇಲ್ಲ, ಹಾಗಾಗಿ ಬ್ಯಾಟರಿ ಎಷ್ಟು ಉಳಿದಿದೆ ಅನ್ನುವುದೇ ಬೆಲೆ. ಮೀಟರಿನ ಬದಿಯ 12 ಗೆರೆಗಳಲ್ಲಿ ಎಷ್ಟು ಉಳಿದಿವೆ ಎಣಿಸಿ. 2024ರ ಏಪ್ರಿಲ್ 1ರಿಂದ ವಿದ್ಯುತ್ ಕಾರಿಗೂ ಡೀಸೆಲ್ ಕಾರಿನ ಹಾಗೆ ರಸ್ತೆ ಶುಲ್ಕ ಬಂತು. ಶುರುವಾದಾಗ ಅದು 1,000 ಕಿಲೋಮೀಟರಿಗೆ 76 ಡಾಲರ್. ಉಳಿತಾಯದ ಲೆಕ್ಕ ಹಾಕುವಾಗ ಇದನ್ನು ಸೇರಿಸಿ.

ಕೆಲವು ಚಿಕ್ಕ ವಿಷಯ. ಜಪಾನ್ ರೇಡಿಯೊ ಇಲ್ಲಿನ ಸ್ಟೇಷನ್‌ಗಳನ್ನೆಲ್ಲ ಹಿಡಿಯುವುದಿಲ್ಲ, ಬ್ಯಾಂಡ್ ಎಕ್ಸ್‌ಪಾಂಡರ್ ಹಾಕಿಸಬೇಕು. ಪೆಟ್ರೋಲ್ ಮುಚ್ಚಳದ ಹತ್ತಿರ ಹೈ-ಆಕ್ಟೇನ್ ಅಂತ ಜಪಾನೀಸ್‌ನಲ್ಲಿ ಬರೆದಿದ್ದರೆ 91 ಹಾಕಬೇಡಿ, 95 ಅಥವಾ 98 ಹಾಕಿ. ಟಕಾಟಾ ಕಂಪನಿಯ ಏರ್‌ಬ್ಯಾಗ್ ರೀಕಾಲ್ 2018ರಲ್ಲಿ ಇಲ್ಲಿ ಕಡ್ಡಾಯವಾಯಿತು. ಹಳೇ ಕಾರಾದರೆ ಅದನ್ನು ಬದಲಿಸಿದ್ದಾರಾ ಅಂತ ನಂಬರ್ ಹಾಕಿ ನೋಡಲೇಬೇಕು. 7 ವರ್ಷ ತುಂಬದ ಮಕ್ಕಳಿಗೆ ಚೈಲ್ಡ್ ಸೀಟ್ ಕಡ್ಡಾಯ. ಆ ಚೈಲ್ಡ್ ಸೀಟಿನ ಮೇಲಿನ ಪಟ್ಟಿ ಕಟ್ಟಲು ಕಾರಿನಲ್ಲಿ ಕೊಂಡಿ ಇದೆಯಾ ಅಂತ ಹಿಂದೆ ಕೈ ಹಾಕಿ ನೋಡಿ. ಕೆಲವು ಹಳೇ ಜಪಾನ್ ಕಾರುಗಳಲ್ಲಿ ಅದು ಇರುವುದಿಲ್ಲ.

ಯಾರ್ಡ್‌ನಲ್ಲಿ ಕೊಂಡರೆ ಕನ್ಸ್ಯೂಮರ್ ಗ್ಯಾರಂಟೀಸ್ ಕಾಯ್ದೆಯ ರಕ್ಷಣೆ ಇದೆ, ಜಗಳವಾದರೆ ಮೋಟರ್ ವೆಹಿಕಲ್ ಡಿಸ್ಪ್ಯೂಟ್ಸ್ ಟ್ರಿಬ್ಯೂನಲ್‌ಗೆ ಹೋಗಬಹುದು. ಕಾರಿನ ಗಾಜಿಗೆ ಅಂಟಿಸಿರುವ ಮಾಹಿತಿ ಹಾಳೆಯನ್ನು ಪೂರ್ತಿ ಓದಿ, ಆಮದಾಗುವಾಗಲೇ ಡ್ಯಾಮೇಜ್ ಆಗಿತ್ತೇ ಅನ್ನುವುದೂ ಅದರಲ್ಲಿ ಇರುತ್ತದೆ. ಖಾಸಗಿಯವರ ಹತ್ತಿರ ಅಗ್ಗಕ್ಕೆ ಸಿಗುತ್ತದೆ, ಆದರೆ ಈ ಕಾಯ್ದೆ ಅಲ್ಲಿ ಬರುವುದಿಲ್ಲ. ಕಾರಿನ ಮೇಲೆ ಸಾಲ ಇದ್ದರೆ ಸಾಲ ಕೊಟ್ಟವರು ನಿಮ್ಮ ಮನೆ ಮುಂದಿಂದಲೇ ಎತ್ತಿಕೊಂಡು ಹೋಗಬಹುದು. ಹಣ ಕೊಡುವ ಮುಂಚೆ ಇಂಥ ಸಾಲ ದಾಖಲಾಗಿರುವ ಪಿಪಿಎಸ್‌ಆರ್ ರಿಜಿಸ್ಟರ್‌ನಲ್ಲಿ ನೋಡಿ. ಎಲ್ಲಿ ಕೊಂಡರೂ ಮಾರುವವರಿಗೆ ಸಂಬಂಧವಿಲ್ಲದ ಕಡೆ ತಪಾಸಣೆ ಮಾಡಿಸಿ. ವಾರಂಟ್ ಆಫ್ ಫಿಟ್ನೆಸ್ ಇದೆ ಅಂದ ಮಾತ್ರಕ್ಕೆ ಇದನ್ನು ಬಿಡಬೇಡಿ. ಅದು ಆ ದಿನ ರಸ್ತೆಗೆ ಇಳಿಸಬಹುದಾ ಅಂತ ಮಾತ್ರ ನೋಡುತ್ತದೆ, ಎಂಜಿನ್ ಗೇರ್‌ಬಾಕ್ಸಿನ ಆರೋಗ್ಯ ನೋಡುವುದಿಲ್ಲ.

ಇಲ್ಲಿ ಕಾರ್ ಇನ್ಶೂರೆನ್ಸ್ ಕಾನೂನಿನಿಂದ ಕಡ್ಡಾಯವಲ್ಲ. ಗಾಯಕ್ಕೆ ಎಸಿಸಿ (ಸರ್ಕಾರದ ಅಪಘಾತ ಪರಿಹಾರ ಯೋಜನೆ) ಇದೆ, ಎದುರಿನವರ ಕಾರಿಗೆ ಆದ ಹಾನಿ ನಿಮ್ಮ ಜೇಬಿನದು. ಬೇರೇನಿಲ್ಲದಿದ್ದರೂ ಥರ್ಡ್ ಪಾರ್ಟಿ ಮಾಡಿಸಿ, ಕೀ ಕೈಗೆ ಬರುವ ದಿನವೇ.